ಹಿಮ್ಮೇಳದವರು

ಶಿಕಾಗೋದಲ್ಲಿ ಎಂಎಸ್ ಮಾಡ್ತಿದ್ದಾಗ ಎರಡು ವರ್ಷ ನಾನು ದಿನಾ ಓಡಾಡಿದ್ದು 33ನೇ ರಸ್ತೆಯಲ್ಲಿ. ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಕ್ಯಾಂಪಸ್ ಒಳಗಿಂದಾನೇ ಆ ರಸ್ತೆ ಹಾದುಹೋಗತ್ತೆ, ಪಕ್ಕದಲ್ಲೇ ಗ್ರೀನ್ ಲೈನ್ ಟ್ರೇನು ಒಂದು ದೊಡ್ಡ ಸ್ಟೀಲ್ ಕೊಳವೆ ಒಳಗೆ ನುಗ್ಗಿ ಆ ಕಡೆ ಹೊರಗೆ ಬರತ್ತೆ, ಪೂರ್ವಕ್ಕೆ ನಡ್ಕೊಂಡು ಹೋದ್ರೆ ಮಾರ್ಟಿನ್ ಲೂಥರ್ ಕಿಂಗ್ ಡ್ರೈವ್, ಅದನ್ನ ದಾಟಿದ್ರೆ ಸಾಲಾಗಿ ಎತ್ತರದ ಅಪಾರ್ಟ್‌ಮೆಂಟ್‌ಗಳು, ಇನ್ನೂ ಮುಂದೆ ಮಿಶಿಗನ್ ಸರೋವರ. ಭಾನುವಾರ ಅಲ್ಲಿ ಹೋಗಿ ಕೂತು ಊರಿಗೆ ಫೋನ್ ಮಾಡೋದು ನನ್ನ ಅಭ್ಯಾಸ. ಆ ರಸ್ತೆ ಬಗ್ಗೆ ನಂಗೆ ಗೊತ್ತಿದ್ದಿದ್ದು ಅಷ್ಟೇ, ಎಲ್ಲಿ ಗಾಳಿ ಜಾಸ್ತಿ, ಯಾವ ಮೂಲೇಲಿ ಹಿಮ ಗಟ್ಟಿಯಾಗಿ ಕಾಲು ಜಾರತ್ತೆ ಅನ್ನೋದು.

ವಾಪಸ್ ಬಂದು ಹತ್ತು ವರ್ಷ ಆದ್ಮೇಲೆ, 2021ರಲ್ಲಿ, ಸಮ್ಮರ್ ಆಫ್ ಸೋಲ್ ಅನ್ನೋ ಡಾಕ್ಯುಮೆಂಟರಿ ನೋಡಿದೆ. 1969ರ ಬೇಸಿಗೇಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ನಡೆದ ಸಂಗೀತೋತ್ಸವದ ರೀಲುಗಳು ಸುಮಾರು ಐವತ್ತು ವರ್ಷ ಮೂಲೇಲಿ ಬಿದ್ದಿದ್ದವು, ಅವನ್ನ ತೆಗೆದು ಜೋಡಿಸಿ ಮಾಡಿದ ಸಿನಿಮಾ ಅದು. ಅದ್ರಲ್ಲಿ ಗಾಸ್ಪೆಲ್, ಅಂದ್ರೆ ಕಪ್ಪು ಜನರ ಚರ್ಚಿನ ಭಕ್ತಿ ಸಂಗೀತ, ಆ ಲೋಕದ ಹಿರಿಯಾಕೆ ಮಹಾಲಿಯಾ ಜಾಕ್ಸನ್ ಹಾಡ್ಬೇಕು, ಹಾಡು ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಪ್ರಾಣವಾಗಿದ್ದ ಒಂದು ದೇವರ ಹಾಡು, ಕಿಂಗ್ ಕೊಲೆಯಾಗಿ ಆಗಿನ್ನೂ ಒಂದು ವರ್ಷ ಚಿಲ್ಲರೆ. ಮಹಾಲಿಯಾಗೆ ಆವತ್ತು ಮೈಗೆ ಹುಷಾರಿಲ್ಲ. ಪಕ್ಕದಲ್ಲಿದ್ದ ಚಿಕ್ಕ ವಯಸ್ಸಿನ ಗಾಯಕಿಗೆ ನೀನು ಶುರು ಮಾಡು ಅಂತಾರೆ. ಆಕೆ ಶುರು ಮಾಡ್ತಾರೆ, ಎದೆ ತಳದಿಂದ ಬರೋ ದನಿ, ಆಮೇಲೆ ಮಹಾಲಿಯಾ ಸೇರ್ಕೋತಾರೆ, ಇಬ್ಬರಿಗೂ ಒಂದೇ ಮೈಕು. ನಾನು ನೋಡ್ತಾ ನೋಡ್ತಾ ಎದ್ದು ಕೂತೆ, ಅವತ್ತು ರಾತ್ರಿ ಮಲಗಿದ್ದು ಎರಡು ಗಂಟೆಗೆ. ಆ ಗಾಯಕಿ ಮೇವಿಸ್ ಸ್ಟೇಪಲ್ಸ್. ಅವರದ್ದು ಅಪ್ಪ ಮಕ್ಕಳ ಗ್ರೂಪು, ಸ್ಟೇಪಲ್ ಸಿಂಗರ್ಸ್. ಹುಡುಕ್ತಾ ಹೋದ್ರೆ ಆ ಮಕ್ಕಳು ಬೆಳೆದಿದ್ದು, ಹಾಡು ಕಲಿತಿದ್ದು ಶಿಕಾಗೋ ಸೌತ್ ಸೈಡಿನ 33ನೇ ರಸ್ತೆಯಲ್ಲಿ. ನಾನು ಸರೋವರಕ್ಕೆ ಹೋಗ್ತಿದ್ದ ದಾರಿ ಅದು.

ಆಗಿನ ಹಳೇ ಮನೆಗಳ ಸಾಲು ಈಗಿಲ್ಲ, 1950ರ ದಶಕದಲ್ಲಿ ಆ ಭಾಗದಲ್ಲಿ ಎಷ್ಟೋ ಬೀದಿಗಳನ್ನ ಕೆಡವಿ ಆ ಎತ್ತರದ ಅಪಾರ್ಟ್‌ಮೆಂಟ್ ಕಟ್ಟಿದ್ರು. ಆದ್ರೂ ಎರಡು ವರ್ಷ ಆ ಕಾಲ್ದಾರೀಲಿ ನಡೆದೂ ನಂಗೆ ಗೊತ್ತಾಗಲಿಲ್ವಲ್ಲ ಅನ್ನೋದು ಇವತ್ತಿಗೂ ಮನಸ್ಸಲ್ಲಿ ಕೊರೀತಾ ಇದೆ. ಅಲ್ಲಿಂದ ಮೂರ್ನಾಲ್ಕು ವರ್ಷ ಅವರ ಹಾಡುಗಳನ್ನ ಕೇಳ್ತಾನೇ ಇದೀನಿ. ಬರೀಬೇಕು ಅನ್ಸಿದ್ದು ಮುಖ್ಯವಾಗಿ ಒಂದೇ ಕಾರಣಕ್ಕೆ, ಈ ಗ್ರೂಪಿನ ಬಗ್ಗೆ ಎಲ್ಲಿ ಓದಿದ್ರೂ ಮೇವಿಸ್ ಇದ್ದಾರೆ, ಅವರಪ್ಪನ ಗಿಟಾರ್ ಇದೆ, ಉಳಿದವರು ಹೆಸರಿಗೆ ಒಂದು ಸಾಲು. ಕೇಳ್ತಾ ಕೇಳ್ತಾ ನಂಗೆ ಆ ಉಳಿದವರೇ ಜಾಸ್ತಿ ಕಾಣಿಸೋಕೆ ಶುರುವಾದ್ರು.

ಮೊದಲು ಅಪ್ಪನ ಕಥೆ ಹೇಳ್ಬೇಕು. ರೋಬಕ್ ಸ್ಟೇಪಲ್ಸ್, ಎಲ್ಲರ ಬಾಯಲ್ಲಿ ಪಾಪ್ಸ್. ಹುಟ್ಟಿದ್ದು 1914ರ ಡಿಸೆಂಬರ್ 28, ಮಿಸಿಸಿಪ್ಪಿಯ ವಿನೋನಾ ಹತ್ರ. ಆ ಹೆಸರಿನ ಹಿಂದೆ ಒಂದು ವಿಷಯ ಇದೆ, ಶಿಕಾಗೋದಲ್ಲಿ ಸಿಯರ್ಸ್ ರೋಬಕ್ ಅನ್ನೋ ದೊಡ್ಡ ಕಂಪನಿ, ಕ್ಯಾಟಲಾಗ್ ನೋಡಿ ಪೋಸ್ಟಲ್ಲಿ ಸಾಮಾನು ತರಿಸ್ಕೊಳ್ಳೋದು, ಹಳ್ಳಿ ಹಳ್ಳಿಗೂ ಅದು ಹೋಗ್ತಿತ್ತು. ಇವರಣ್ಣನ ಹೆಸರು ಸಿಯರ್ಸ್, ಇವರು ರೋಬಕ್. ಹತ್ತಿ ಹೊಲದಲ್ಲಿ ಕೂಲಿ ಮಾಡೋ ಬಡ ಕುಟುಂಬ, ಮಕ್ಕಳಿಗೆ ಆ ದೂರದ ಊರಿನ ಹೆಸರು. ಬೆಳೆದಿದ್ದು ಡಾಕರಿ ಪ್ಲಾಂಟೇಶನ್‌ನಲ್ಲಿ. ಬ್ಲೂಸ್, ಅಂದ್ರೆ ದಕ್ಷಿಣದ ಕಪ್ಪು ಜನರ ಲೌಕಿಕ ಹಾಡು, ಅದನ್ನ ಕೇಳೋರಿಗೆ ಆ ಜಾಗದ ಹೆಸರು ಗೊತ್ತಿರತ್ತೆ, ಬ್ಲೂಸ್ ಗಾಯಕ ಚಾರ್ಲಿ ಪ್ಯಾಟನ್ ಅಲ್ಲೇ ಇದ್ದು ಹಾಡ್ತಿದ್ದದ್ದು. ಹುಡುಗ ರೋಬಕ್ ಅದನ್ನ ಕೇಳಿ ಕೇಳಿ ಗಿಟಾರ್ ಕಲಿತ. ಹಗಲು ಹತ್ತಿ ಬಿಡಿಸೋದು, ಶನಿವಾರ ರಾತ್ರಿ ಬ್ಲೂಸ್, ಭಾನುವಾರ ಚರ್ಚು. ಸಂಜೆ ಹೊತ್ತು ಮನೆಯವರೆಲ್ಲ ಅಂಗಳದಲ್ಲಿ ಸೇರಿ ಹಾಡ್ಕೊಳ್ಳೋರು, ವಾದ್ಯ ಇಲ್ಲ, ಕೈ ಚಪ್ಪಾಳೆ ಅಷ್ಟೇ. ಈ ಅಂಗಳದ ಹಾಡನ್ನ ನೆನಪಲ್ಲಿಟ್ಕೊಳಿ, ಮುಂದೆ ಎಲ್ಲಾ ಬಂದಿದ್ದು ಅಲ್ಲಿಂದ.

1930ರ ದಶಕದ ಮಧ್ಯದಲ್ಲಿ ಹೆಂಡತಿ ಓಸಿಯೋಲಾ, ಎರಡು ಕೂಸು ಕಟ್ಕೊಂಡು ಶಿಕಾಗೋಗೆ ಬಂದ್ರು. ದಕ್ಷಿಣದಿಂದ ಲಕ್ಷಾಂತರ ಕಪ್ಪು ಜನ ಹೀಗೇ ಉತ್ತರದ ನಗರಗಳಿಗೆ ಹೊರಟ ಕಾಲ ಅದು. ಮಾಂಸದ ಕಾರ್ಖಾನೇಲಿ ಕೆಲಸ, ಉಕ್ಕಿನ ಕಾರ್ಖಾನೇಲಿ ಕೆಲಸ, ಕೈಗೆ ಸಿಕ್ಕಿದ್ದೆಲ್ಲ ಮಾಡಿದ್ರು. ಕ್ಲಿಯೋಥಾ ಮತ್ತೆ ಪರ್ವಿಸ್ ಮಿಸಿಸಿಪ್ಪೀಲಿ ಹುಟ್ಟಿದವರು, ಇವಾನ್ ಮತ್ತೆ ಮೇವಿಸ್ ಶಿಕಾಗೋದಲ್ಲಿ. ಎಷ್ಟೋ ವರ್ಷ ಗಿಟಾರ್ ಮುಟ್ಟಿರಲಿಲ್ಲ ಪಾಪ್ಸ್, ಪುರುಸೊತ್ತೆಲ್ಲಿ. ಟ್ರಂಪೆಟ್ ಜುಬಿಲೀಸ್ ಅಂತ ಒಂದು ಗಾಸ್ಪೆಲ್ ತಂಡದಲ್ಲಿ ಹಾಡೋಕೆ ಹೋಗ್ತಿದ್ರು, ಪ್ರಾಕ್ಟೀಸಿಗೆ ಇವರು ಹೋದ್ರೆ ಉಳಿದವರು ಸರಿಯಾಗಿ ಬರ್ತಿರಲಿಲ್ಲ. ಒಂದಿನ ಬೇಜಾರಾಗಿ ಮನೆಗೆ ಬಂದವರು ಇನ್ನು ಅಲ್ಲಿಗೆ ಹೋಗಲ್ಲ ಅಂತ ತೀರ್ಮಾನ ಮಾಡಿ, ಗಿರವಿ ಅಂಗಡೀಲಿ ಒಂದು ಅಗ್ಗದ ಗಿಟಾರ್ ತಂದು, ಮಕ್ಕಳನ್ನ ನೆಲದ ಮೇಲೆ ಸುತ್ತ ಕೂರಿಸಿ ಒಬ್ಬೊಬ್ಬರಿಗೂ ಒಂದೊಂದು ತಂತಿ ಮೀಟಿ, ನಿನ್ನ ದನಿ ಇದು, ನಿನ್ನ ದನಿ ಇದು ಅಂತ ಹಂಚಿಕೊಟ್ರು. ಅವರು ಕಲಿಸಿದ್ದು ಚಿಕ್ಕಂದಿನಲ್ಲಿ ಅಣ್ಣ ಅಕ್ಕಂದಿರ ಜೊತೆ ಅಂಗಳದಲ್ಲಿ ಹಾಡಿದ ರೀತೀಲೇ.

ಈ ದೃಶ್ಯ ನಂಗೆ ತುಂಬಾ ಇಷ್ಟ. ಸಂಗೀತ ಶಾಲೆ ಇಲ್ಲ, ನೊಟೇಶನ್ ಇಲ್ಲ, ಪಿಯಾನೋ ಇಲ್ಲ. ಆಗ ಶಿಕಾಗೋದ ಗಾಸ್ಪೆಲ್ ಅಂದ್ರೆ ಪಿಯಾನೋ, ಆರ್ಗನ್, ದೊಡ್ಡ ಕೋರಸ್ಸು, ಭರ್ಜರಿ. ಈ ಮನೇಲಿ ಮಾತ್ರ ನಡುಗೋ ಒಂದು ಗಿಟಾರ್, ನಾಲ್ಕು ದನಿ, ಹಳೇ ಹಳ್ಳಿ ಧಾಟಿ. ಶಿಕಾಗೋದಲ್ಲೇ ಹುಟ್ಟಿದ ಮಕ್ಕಳು ಮಿಸಿಸಿಪ್ಪಿಯ ಅಜ್ಜಂದಿರ ಥರ ಹಾಡೋರು. 1948ರಲ್ಲಿ ಪಾಪ್ಸ್ ಅವರ ಸೋದರಿ ಹೋಗ್ತಿದ್ದ ಚರ್ಚಲ್ಲಿ ಮೊದಲ ಸಲ ಜನರ ಮುಂದೆ ಹಾಡಿದಾಗ ಜನ ಚಪ್ಪಾಳೆ ಹೊಡೆದು ಹೊಡೆದು ಮತ್ತೆ ಮತ್ತೆ ಕರೆದ್ರಂತೆ, ಇವರಿಗೆ ಪೂರ್ತಿ ಬರ್ತಿದ್ದದ್ದು ಒಂದೇ ಹಾಡು, ಅದನ್ನೇ ಪುನಃ ಪುನಃ ಹಾಡಿ ಬಂದ್ರು. ಜನಕ್ಕೆ ನಾವು ಇಷ್ಟ ಆದ್ವಿ, ಮನೆಗೆ ಹೋಗಿ ಇನ್ನಷ್ಟು ಹಾಡು ಕಲಿಯೋಣ ಅಂದ್ರಂತೆ ಅಪ್ಪ.

ಮೊದಮೊದಲು ಮೇಲಿನ ಸ್ಥಾಯಿಯಲ್ಲಿ ಲೀಡ್ ಹಾಡ್ತಿದ್ದದ್ದು ಪರ್ವಿಸ್. ವಯಸ್ಸಿಗೆ ಬಂದು ಗಂಟಲು ಒಡೆದು ಆ ದನಿ ಹೋಯ್ತು, ಆಗ ಅಪ್ಪ ಮೇವಿಸ್‌ನ ಮುಂದೆ ನಿಲ್ಲಿಸಿದ್ರು. ಅವಳಿಗೆ ಇಷ್ಟ ಇರಲಿಲ್ಲ, ಕೆಳಗಿನ ದನೀಲಿ ಹಿಂದೆ ನಿಂತು ಹಾಡೋದೇ ಖುಷಿ ಅವಳಿಗೆ. ಅಪ್ಪ ಬಿಡಲಿಲ್ಲ. ಇನ್ನೂ ಚಿಕ್ಕವಳಿದ್ದಾಗಿನ ಒಂದು ಪ್ರಸಂಗಾನೂ ಹೇಳ್ಬಿಡ್ತೀನಿ, ಮನೇಲಿ ಕಷ್ಟ ಅಂತ ಮೇವಿಸ್‌ನ ಸ್ವಲ್ಪ ಕಾಲ ಮಿಸಿಸಿಪ್ಪಿಯ ಮೌಂಡ್ ಬಾಯೂ ಅನ್ನೋ ಊರಲ್ಲಿ ಅಜ್ಜಿ ಹತ್ರ ಬಿಟ್ಟಿದ್ರು. ಸ್ಕೂಲ್ ಕಾರ್ಯಕ್ರಮದಲ್ಲಿ ಹುಡುಗಿ ಒಂದು ಬ್ಲೂಸ್ ಹಾಡಿದ್ಲು, ಮಕ್ಕಳೆಲ್ಲ ಕೂಗಿ ಖುಷಿಪಟ್ರು, ಅಷ್ಟರಲ್ಲಿ ಅವಳ ಮಾವ ಬಂದು ಸ್ಟೇಜಿಂದ ಕೈ ಹಿಡಿದು ಎಳ್ಕೊಂಡು ಹೋದ. ಮನೇಲಿ ಅಜ್ಜಿ ಕೋಲು ತಗೊಂಡು ಬಾರಿಸಿದ್ರು, ಈ ಮನೇಲಿ ದೇವರ ಹಾಡು ಬಿಟ್ಟು ಬೇರೆ ಹಾಡೋ ಹಾಗಿಲ್ಲ ಅಂತ. ಬ್ಲೂಸ್ ಬೇರೆ, ಭಕ್ತಿ ಬೇರೆ ಅನ್ನೋ ಆ ಗೆರೆ ಅವರ ಜನರಲ್ಲಿ ಎಷ್ಟು ಗಟ್ಟಿ ಇತ್ತು ಅನ್ನೋದಕ್ಕೆ ಈ ಪೆಟ್ಟೇ ಸಾಕ್ಷಿ, ಇದೇ ಗೆರೆ ಮುಂದೆ ಇಡೀ ಗ್ರೂಪಿಗೆ ಎದುರಾಗತ್ತೆ.

1956ರಲ್ಲಿ ಶಿಕಾಗೋದ ವೀ-ಜೇ ಲೇಬಲ್‌ನಿಂದ ಅನ್‌ಕ್ಲೌಡಿ ಡೇ ಬಂತು. ರೇಡಿಯೋದಲ್ಲಿ ಕೇಳಿದ ಜನ ಆ ಕೆಳಗಿನ ದನಿ ಯಾರೋ ಗಂಡಸಿಂದು ಅಂದ್ಕೊಂಡ್ರು, ಇಲ್ಲಾ ದೊಡ್ಡ ಮೈಕಟ್ಟಿನ ಹೆಂಗಸಿಂದು ಅಂದ್ಕೊಂಡ್ರು, ಸ್ಟೇಜ್ ಮೇಲೆ ಸಣ್ಣ ಹುಡುಗಿ ಬಂದು ನಿಂತಾಗ ನಂಬದೇ ಬೆಟ್ ಕಟ್ತಿದ್ರಂತೆ. ಆ ರೆಕಾರ್ಡನ್ನ ಇವತ್ತು ಹಾಕಿ ಕೇಳಿ. ಗಿಟಾರಿನ ಟ್ರೆಮೊಲೊ ನೀರಿನ ಅಲೆ ಥರ ನಡುಗ್ತಾ ಬರತ್ತೆ, ಡ್ರಮ್ಸ್ ಇಲ್ಲವೇ ಇಲ್ಲ ಅನ್ನೋ ಹಾಗಿರತ್ತೆ, ಮೇವಿಸ್ ತಳದಲ್ಲಿ ಗುಡುಗ್ತಾಳೆ. ಇಷ್ಟು ಎಲ್ಲರಿಗೂ ಕೇಳಿಸತ್ತೆ. ಇನ್ನೊಂದ್ಸಲ ಹಾಕಿ ಮೇಲಿನ ದನಿಗೆ ಕಿವಿ ಕೊಡಿ. ಸ್ವಲ್ಪ ಮೂಗಲ್ಲಿ, ಹಳ್ಳಿಯ ಎಳೆತ ಇರೋ, ತೆಳ್ಳಗೆ ದಾರದ ಥರ ಹಾಡಿನ ಮೇಲಂಚಲ್ಲಿ ಓಡೋ ಒಂದು ದನಿ. ಅದು ಕ್ಲಿಯೋಥಾ, ಹಿರಿಯಕ್ಕ. ಆ ದಾರ ಎಳೆದುಬಿಟ್ರೆ ಹಾಡು ಬಿಚ್ಚಿಹೋಗತ್ತೆ. ಸ್ಟೇಪಲ್ ಸಿಂಗರ್ಸ್ ಅಂದ್ರೆ ಬೇರೆ ಯಾವ ಗಾಸ್ಪೆಲ್ ಗ್ರೂಪಿನ ಥರಾನೂ ಕೇಳಿಸಲ್ಲ ಅಂತಾರಲ್ಲ, ಅದಕ್ಕೆ ಅರ್ಧ ಕಾರಣ ಪಾಪ್ಸ್ ಗಿಟಾರ್ ಆದ್ರೆ ಇನ್ನರ್ಧ ಕ್ಲಿಯೋಥಾ ಅಂತ ನನ್ನ ಅಭಿಪ್ರಾಯ.

ನಮ್ಮ ಕಡೆ ಹಿಮ್ಮೇಳ ಅಂತ ಎಷ್ಟು ಒಳ್ಳೇ ಪದ ಇದೆ ನೋಡಿ. ಯಕ್ಷಗಾನದಲ್ಲಿ ಹಿಮ್ಮೇಳದವರು ವೇಷ ಕಟ್ಟಲ್ಲ, ಕುಣಿಯಲ್ಲ, ಆದ್ರೆ ಆಟ ನಡೆಯೋದೇ ಅವರ ಮೇಲೆ. ನಮ್ಮನೇಲೂ ಹಾಗೇ ಇತ್ತು. ಶನಿವಾರ ರಾಮಮಂದಿರದಲ್ಲಿ ಭಜನೆ, ಅಪ್ಪ ಹಾರ್ಮೋನಿಯಂ, ತಮ್ಮನ ಕಂಠ ಚೆನ್ನಾಗಿತ್ತು ಅಂತ ಊರೆಲ್ಲ ಅವನನ್ನ ಹೊಗಳೋರು. ಅಕ್ಕ ಹಿಂದೆ ಕೂತು ತಾಳ ಹಾಕ್ತಾ ಎರಡನೇ ಸಲದ ಸಾಲನ್ನ ಎತ್ತಿಕೊಡ್ತಿದ್ಲು, ತಮ್ಮ ಎಲ್ಲಿ ಮರೀತಾನೆ, ಎಲ್ಲಿ ಉಸಿರು ಸಾಲದೇ ನಿಲ್ಲಿಸ್ತಾನೆ ಅವಳಿಗೆ ಗೊತ್ತು, ಅಲ್ಲಿ ಸರಿಯಾಗಿ ಬಂದು ಸೇರ್ಕೊಳೋಳು. ಅವಳು ಮದುವೆಯಾಗಿ ಹೋದ ಮೇಲೆ ಭಜನೆ ಏನೋ ಬರಿದಾಯ್ತು ಅಂತ ಎಲ್ಲರೂ ಅಂದ್ರು, ಯಾಕೆ ಅಂತ ಯಾರಿಗೂ ಹೊಳೀಲಿಲ್ಲ, ನಂಗೂ ಹೊಳೀಲಿಲ್ಲ.

1957ರಲ್ಲಿ ಮೇವಿಸ್ ಹೈಸ್ಕೂಲ್ ಮುಗಿಸಿದ್ಲು. ನರ್ಸ್ ಆಗ್ಬೇಕು ಅಂತ ಅವಳಿಗೆ ಆಸೆ ಇತ್ತು. ನಿನ್ನ ಹಾಡು ಕೇಳಿ ಜನ ಸಮಾಧಾನ ಮಾಡ್ಕೊಂಡು ಹೋಗ್ತಾರೆ, ನೀನು ಮಾಡ್ತಿರೋದು ಅದೇ ಕೆಲಸ ಅಂತ ಅಪ್ಪ ಒಪ್ಪಿಸಿದ್ರು. ಪಾಪ್ಸ್ ಕಾರ್ಖಾನೆ ಕೆಲಸ ಬಿಟ್ರು, ಇಡೀ ಕುಟುಂಬ ಕಾರಲ್ಲಿ ಹೊರಟಿತು. ಕಪ್ಪು ಜನ ದಕ್ಷಿಣದಲ್ಲಿ ಕಾರಲ್ಲಿ ಊರೂರು ಸುತ್ತೋದು ಅಂದ್ರೆ ಆಗ ಏನು ಅನ್ನೋದಕ್ಕೆ 1964ರ ಒಂದು ರಾತ್ರಿ ಸಾಕು. ಅರ್ಕಾನ್ಸಾದ ವೆಸ್ಟ್ ಮೆಂಫಿಸ್ ಹತ್ರದ ಪೆಟ್ರೋಲ್ ಬಂಕಲ್ಲಿ ಮೇವಿಸ್ ರಸೀದಿ ಕೇಳಿದ್ರು, ಅಲ್ಲಿದ್ದ ಬಿಳಿಯ ಹುಡುಗ ಒರಟಾಗಿ ಮಾತಾಡಿದ, ಪಾಪ್ಸ್ ಕೇಳೋಕೆ ಹೋದ್ರು, ಕೈ ಕೈ ಮಿಲಾಯಿಸ್ತು. ಸ್ವಲ್ಪ ದೂರ ಹೋಗೋದ್ರಲ್ಲಿ ಪೊಲೀಸರು ಬಂದೂಕು, ನಾಯಿ ಸಮೇತ ಅಡ್ಡಗಟ್ಟಿ, ಎಲ್ಲರನ್ನೂ ಇಳಿಸಿ ಕೈಗೆ ಬೇಡಿ ಹಾಕಿದ್ರು. ಠಾಣೇಲಿ ಇವರು ಯಾರು ಅಂತ ಗೊತ್ತಾಗಿ ಬಿಟ್ರು. ಹಾಡೋರು ಅಂತ ಗೊತ್ತಾಗದೇ ಹೋಗಿದ್ರೆ? ಆ ರಸ್ತೆ ಬದೀಲಿ ಕೈ ಹಿಂದೆ ಕಟ್ಟಿಸ್ಕೊಂಡು ನಿಂತ ಅಪ್ಪ, ಪಕ್ಕದಲ್ಲಿ ಮಕ್ಕಳು, ಅದನ್ನ ಯೋಚನೆ ಮಾಡಿದ್ರೆ ಅವರ ಆ ಕಾಲದ ಹಾಡುಗಳನ್ನ ಬೇರೆ ಥರ ಕೇಳೋಕೇ ಆಗಲ್ಲ.

ಅಷ್ಟು ಹೊತ್ತಿಗಾಗಲೇ ಅವರು ಕಿಂಗ್ ಅವರನ್ನ ಭೇಟಿ ಮಾಡಿದ್ರು, ಅಲಬಾಮಾದ ಮಾಂಟ್ಗೊಮರೀಲಿ, ಅವರ ಚರ್ಚಿಗೇ ಹೋಗಿ ಪ್ರವಚನ ಕೇಳಿದ್ರು. ಹೋಟೆಲ್ ರೂಮಿಗೆ ವಾಪಸ್ ಬಂದು ಪಾಪ್ಸ್ ಮಕ್ಕಳನ್ನ ಕರೆದು ಹೇಳಿದ್ದು, ಅವರು ಇದನ್ನ ಪ್ರವಚನದಲ್ಲಿ ಹೇಳೋಕೆ ಆಗೋದಾದ್ರೆ ನಾವು ಹಾಡಲ್ಲಿ ಹೇಳ್ಬೋದು ಅಂತ. ಅಲ್ಲಿಂದ ಅವರ ಹಾಡು ತಿರುಗಿತು. 1957ರಲ್ಲಿ ಲಿಟಲ್ ರಾಕ್ ಊರಲ್ಲಿ ಒಂಬತ್ತು ಕಪ್ಪು ಮಕ್ಕಳನ್ನ ಸ್ಕೂಲೊಳಗೆ ಬಿಡದೇ ತಡೆದಿದ್ದನ್ನ ಟೀವೀಲಿ ನೋಡಿದ್ರಲ್ಲ ಪಾಪ್ಸ್, ಅದರ ಮೇಲೆ ಒಂದು ಹಾಡು ಬರೆದ್ರು, ನಮ್ಮನ್ನ ಯಾಕೆ ಇಷ್ಟು ಕೆಟ್ಟದಾಗಿ ನಡೆಸ್ಕೋತೀರಿ ಅಂತ ಕೇಳೋ ಹಾಡು. ಬೈಗುಳ ಇಲ್ಲ, ಕೂಗಾಟ ಇಲ್ಲ, ಪಕ್ಕದ ಮನೆಯವರನ್ನ ಕೇಳೋ ಹಾಗೆ ಕೇಳ್ತಾರೆ. ಕಿಂಗ್‌ಗೆ ಅದು ಎಷ್ಟು ಇಷ್ಟ ಅಂದ್ರೆ ಸಭೆಗೆ ಮುಂಚೆ ಇವತ್ತು ನನ್ನ ಹಾಡು ಹಾಡ್ತೀರಿ ತಾನೇ ಅಂತ ಪಾಪ್ಸ್‌ನ ಕೇಳ್ತಿದ್ರಂತೆ. 1965ರ ಮಾರ್ಚಲ್ಲಿ ಸೆಲ್ಮಾದಿಂದ ಮಾಂಟ್ಗೊಮರಿಗೆ ಪಾದಯಾತ್ರೆ ಆಯ್ತು, ಏಪ್ರಿಲ್ 9ಕ್ಕೆ ಶಿಕಾಗೋದ ನ್ಯೂ ನಜರೆತ್ ಚರ್ಚಲ್ಲಿ ಜನರ ಮಧ್ಯೆ ಕೂತು ಫ್ರೀಡಮ್ ಹೈವೇ ಅನ್ನೋ ಆಲ್ಬಂ ರೆಕಾರ್ಡ್ ಮಾಡಿದ್ರು. ಅದೇ ಹೆಸರಿನ ಹಾಡಲ್ಲಿ ಟ್ಯಾಲಹ್ಯಾಚಿ ನದಿಯ ಹೆಸರು ಬರತ್ತೆ. ಎಮೆಟ್ ಟಿಲ್ ಅಂತ 14 ವರ್ಷದ ಶಿಕಾಗೋ ಹುಡುಗ, ನೆಂಟರ ಮನೆಗೆ ಅಂತ ಮಿಸಿಸಿಪ್ಪಿಗೆ ಹೋದವನನ್ನ 1955ರಲ್ಲಿ ಕೊಂದು ಎಸೆದಿದ್ದು ಆ ನದಿಗೆ. ಅವನ ಹೆಣ ವಾಪಸ್ ತಂದು, ಪೆಟ್ಟಿಗೆ ಮುಚ್ಚಳ ತೆಗೆದಿಟ್ಟು ಇಡೀ ಊರಿಗೆ ತೋರಿಸಿದ್ದು ಸ್ಟೇಟ್ ಸ್ಟ್ರೀಟಿನ ಚರ್ಚಲ್ಲಿ, ನಮ್ಮ ಕ್ಯಾಂಪಸ್ಸಿಂದ ಅದೇ ಸ್ಟೇಟ್ ಸ್ಟ್ರೀಟಲ್ಲಿ ದಕ್ಷಿಣಕ್ಕೆ ನಡೆದ್ರೆ ಅರ್ಧ ಗಂಟೆಯೊಳಗೆ ಸಿಗತ್ತೆ. ಆ ರೆಕಾರ್ಡಲ್ಲಿ ಚಪ್ಪಾಳೆ ಹೊಡೀತಿರೋ ಜನಕ್ಕೆ ಆ ನದಿ ಹೆಸರು ಯಾರೂ ವಿವರಿಸಬೇಕಾಗಿರಲಿಲ್ಲ.

ಗಾಯಕ ಬಾಬ್ ಡಿಲನ್ ಮೇವಿಸ್‌ನ ಮದುವೆ ಆಗ್ತೀಯಾ ಅಂತ ಕೇಳಿದ ವಿಷಯ ಎಲ್ಲಾ ಕಡೆ ಸಿಗತ್ತೆ, ಅದು ನಿಜಾನೇ, ಅಲ್ಲೇ ಓದ್ಕೊಳಿ.

ನಂಗೆ ಅದಕ್ಕಿಂತ ಇವಾನ್ ಕಥೆ ಮುಖ್ಯ. ಪರ್ವಿಸ್ ಸೈನ್ಯಕ್ಕೆ ಹೋಗ್ಬೇಕಾಗಿ ಬಂದಾಗ ನಾಲ್ಕನೇ ದನಿ ಬೇಕಲ್ಲ, ಇವಾನ್ ಬಂದ್ರು. ಅವರಿಗೆ ಸ್ಟೇಜ್ ಆಸೆ ಇರಲಿಲ್ಲ. ಪರ್ವಿಸ್ ವಾಪಸ್ ಬಂದ್ಮೇಲೆ ಸುಮ್ನೆ ಪಕ್ಕಕ್ಕೆ ಸರಿದ್ರು. ಮುಂದೆ 1970ರ ಆಸುಪಾಸಲ್ಲಿ ಪರ್ವಿಸ್ ಪೂರ್ತಿಯಾಗಿ ಬಿಟ್ಟಾಗ ಮತ್ತೆ ಬಂದು ನಿಂತ್ರು, ಈ ಸಲ ಕೊನೇವರೆಗೂ. ಲೆಕ್ಕ ಪತ್ರ, ಕಾಂಟ್ರ್ಯಾಕ್ಟು, ಯಾವ ಊರಿಗೆ ಯಾವಾಗ, ಇವೆಲ್ಲ ನೋಡ್ಕೊಳ್ತಿದ್ದದ್ದು ಅವರೇ. ಪರ್ವಿಸ್‌ನ ಬಿಟ್ಟುಹೋದವನು ಅಂತ ಬರೀಬಾರದು ಅನ್ಸತ್ತೆ. ಗಂಟಲು ಒಡೆದಾಗ ಲೀಡ್ ಜಾಗ ತಂಗಿಗೆ ಬಿಟ್ಟುಕೊಟ್ಟ ಹುಡುಗ ಆತ, ಆಮೇಲೆ ಶಿಕಾಗೋದಲ್ಲಿ ಕ್ಲಬ್ ನಡೆಸಿದ್ರು, ಎಮೋಶನ್ಸ್ ಅನ್ನೋ ಇನ್ನೊಂದು ಕುಟುಂಬದ ಗ್ರೂಪು, ಮೂರು ಜನ ಅಕ್ಕತಂಗಿಯರು, ಅವರನ್ನ ಬೆಳೆಸಿದ್ರು.

1968ರಲ್ಲಿ ಮೆಂಫಿಸ್‌ನ ಸ್ಟ್ಯಾಕ್ಸ್ ಲೇಬಲ್ ಸೇರಿದ್ರು. ಮೊದಲ ಎರಡು ಆಲ್ಬಂ ಅಷ್ಟಾಗಿ ಹೋಗಲಿಲ್ಲ. ಆಮೇಲೆ ಸ್ಟ್ಯಾಕ್ಸ್ ನಡೆಸ್ತಿದ್ದವರಲ್ಲಿ ಒಬ್ಬರಾದ ಅಲ್ ಬೆಲ್ ತಾನೇ ಪ್ರೊಡ್ಯೂಸ್ ಮಾಡ್ತೀನಿ ಅಂತ ಕೂತ್ರು, ಅಲಬಾಮಾದ ಮಸಲ್ ಶೋಲ್ಸ್‌ಗೆ ಕರ್ಕೊಂಡು ಹೋದ್ರು, ಅಲ್ಲಿ ವಾದ್ಯ ನುಡಿಸೋರು ಬಿಳಿಯ ಹುಡುಗರು, ಬೇಸ್ ಡೇವಿಡ್ ಹುಡ್, ಡ್ರಮ್ಸ್ ರಾಜರ್ ಹಾಕಿನ್ಸ್, ಕೀಬೋರ್ಡ್ ಬ್ಯಾರಿ ಬೆಕೆಟ್. 1971ರಲ್ಲಿ ರೆಸ್ಪೆಕ್ಟ್ ಯುವರ್‌ಸೆಲ್ಫ್ ದೊಡ್ಡ ಹಿಟ್. ಅದೇ ವರ್ಷ ಮಾರ್ಚಲ್ಲಿ ಘಾನಾದ ಅಕ್ರಾದಲ್ಲಿ ಸ್ವಾತಂತ್ರ್ಯ ದಿನಕ್ಕೆ ಹೋಗಿ ಹಾಡಿ ಬಂದ್ರು. 1972ರಲ್ಲಿ ಐ'ಲ್ ಟೇಕ್ ಯೂ ದೇರ್, ಅಮೆರಿಕದ ಪಾಪ್ ಚಾರ್ಟಲ್ಲಿ ನಂಬರ್ 1.

ಆ ಹಾಡು ಹುಟ್ಟಿದ್ದು ಸಾವಿನ ಮನೇಲಿ. ಅಲ್ ಬೆಲ್ ಅವರ ತಮ್ಮನನ್ನ ಯಾರೋ ಗುಂಡಿಟ್ಟು ಕೊಂದಿದ್ರು. ಮಣ್ಣು ಮಾಡಿ ಬಂದು ಅರ್ಕಾನ್ಸಾದಲ್ಲಿ ಅಪ್ಪನ ಮನೆ ಹಿತ್ತಲಲ್ಲಿ ನಿಂತಿದ್ದ ಒಂದು ಹಳೇ ಬಸ್ಸಿನ ಮೇಲೆ ಒಬ್ಬರೇ ಕೂತಿದ್ದಾಗ ತಲೇಲಿ ಬಂದ ಸಾಲುಗಳು, ಯಾರೂ ಅಳದೇ ಇರೋ ಒಂದು ಜಾಗ ಇದೆ, ನಿನ್ನನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀನಿ ಅನ್ನೋ ಅರ್ಥದ್ದು. ಸಾಹಿತ್ಯ ಅಂತ ಇರೋದು ನಾಲ್ಕೇ ಮಾತು, ಒಟ್ಟಿಗೆ ನುಡಿಸೋ ಸ್ವರಗಳ ಗುಂಪು, ಅಂದ್ರೆ ಕಾರ್ಡ್, ಎರಡೇ, ಶುರುವಿನ ಬೇಸ್ ಧಾಟಿ ಒಂದು ಜಮೈಕಾದ ರೆಕಾರ್ಡಿಂದ ಬಂದಿದ್ದು. ಅದರ ಮೇಲೆ ಮೇವಿಸ್ ಬಾಯಿಗೆ ಬಂದ ಹಾಗೆ ಕರೀತಾ ಹೋಗ್ತಾರೆ, ಬೇಸ್ ನುಡಿಸೋ ಡೇವಿಡ್‌ನ ಹೆಸರು ಹಿಡಿದು ಕರೀತಾರೆ, ಗಿಟಾರ್ ಬರೋ ಕಡೆ ಅಪ್ಪನ್ನ ಕರೀತಾರೆ. ಚರ್ಚಲ್ಲಿ ಕರೆಯೋದೂ ಹಾಗೇ, ಒಬ್ಬರು ಕರೀತಾರೆ, ಎಲ್ಲರೂ ಓಗೊಡ್ತಾರೆ. ಅಷ್ಟಾದ್ರೂ ಚರ್ಚಿನ ಜನ ಸಿಟ್ಟಾದ್ರು, ಇವರು ಸೈತಾನನ ಸಂಗೀತಕ್ಕೆ ಹೋದ್ರು, ಜನ ಕುಣೀತಿದ್ದಾರೆ ಅಂತ. ಅಜ್ಜಿ ಕೋಲು ಮತ್ತೆ ಬಂತು ನೋಡಿ. ಸೈತಾನನಿಗೆ ಸಂಗೀತ ಅನ್ನೋದೇ ಇಲ್ಲ, ಎಲ್ಲಾ ಸಂಗೀತಾನೂ ದೇವರದ್ದೇ ಅಂತ ಮೇವಿಸ್ ಉತ್ತರ ಕೊಟ್ರು, ಇವತ್ತಿಗೂ ಅದನ್ನೇ ಹೇಳ್ತಾರೆ. ಈ ವಾದದಲ್ಲಿ ನಾನು ಪೂರ್ತಿ ಅವರ ಕಡೆ. ಭಜನೇಲಿ ಕೂತವನು ಕುಣಿದ್ರೆ ಭಕ್ತಿ ಕಮ್ಮಿ ಆಯ್ತು ಅಂತ ನಮ್ಮೂರಲ್ಲಿ ಯಾರಾದ್ರೂ ಹೇಳಿದ್ರೆ ದಾಸರು ಗೆಜ್ಜೆ ಕಟ್ಟಿದ್ದು ಯಾಕೆ ಅಂತ ಕೇಳ್ಬೇಕಾಗತ್ತೆ.

ಗೆಲುವಿನ ವರ್ಷಗಳು ಅಂತ ಬರೆದು ಮುಗಿಸೋಕೆ ಆಗಲ್ಲ, ಯಾಕಂದ್ರೆ 1973ರಲ್ಲೇ, ಹಿಟ್ ಮೇಲೆ ಹಿಟ್ ಬರ್ತಿದ್ದಾಗ, ಮನೆಯ ಕೊನೇ ಮಗಳು ಸಿಂಥಿಯಾ ಪ್ರಾಣ ಕಳ್ಕೊಂಡ್ಲು, ತನ್ನ ಕೈಯಾರೆ, 21 ವರ್ಷಕ್ಕೆ. ಗ್ರೂಪಲ್ಲಿ ಹಾಡದೇ ಇದ್ದ ಒಬ್ಬಳೇ ಮಗಳು ಅವಳು. ಇದರ ಬಗ್ಗೆ ನಾನು ಹೆಚ್ಚು ಬರೆಯಲ್ಲ. ಆ ವರ್ಷದ ರೆಕಾರ್ಡುಗಳನ್ನ ಕೇಳೋವಾಗ ಅವಳ ನೆನಪು ಬರತ್ತೆ ಅಷ್ಟೇ, ಅವರು ಆಗಲೂ ಎದ್ದು ಹೋಗಿ ಹಾಡಿದ್ರಲ್ಲ ಅಂತ.

1975ರ ಕೊನೇಲಿ ಸ್ಟ್ಯಾಕ್ಸ್ ದಿವಾಳಿ ಆಯ್ತು. ಅದೇ ವರ್ಷ ಶಿಕಾಗೋದ ಗಾಯಕ ಕರ್ಟಿಸ್ ಮೇಫೀಲ್ಡ್ ಒಂದು ಸಿನಿಮಾಗೆ ಅಂತ ಲೆಟ್ಸ್ ಡೂ ಇಟ್ ಅಗೇನ್ ಹಾಡಿಸಿದ್ರು. ಸರಸದ ಹಾಡು, ಪಾಪ್ಸ್‌ಗೆ ಮುಜುಗರ, ನಾನು ಚರ್ಚಿನ ಮನುಷ್ಯ, ಇದನ್ನ ಹಾಡಲ್ಲ ಅಂದ್ರು, ದೇವರು ಬೇಜಾರು ಮಾಡ್ಕೊಳಲ್ಲ ಅಂತ ಕರ್ಟಿಸ್ ಒಪ್ಪಿಸಿದ್ರು. ಅದೂ ನಂಬರ್ 1, ಅವರ ಕೊನೇ ನಂಬರ್ 1. ಆಮೇಲೆ ಡಿಸ್ಕೋ ಬಂತು, ಲೇಬಲ್‌ಗಳು ಬದಲಾದವು, 1984ರಲ್ಲಿ ಟಾಕಿಂಗ್ ಹೆಡ್ಸ್ ಅನ್ನೋ ರಾಕ್ ಗ್ರೂಪಿನ ಹಾಡೊಂದನ್ನ ಹಾಡಿ ಮತ್ತೆ ಸ್ವಲ್ಪ ಹೆಸರು ಬಂತು, 1999ರಲ್ಲಿ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ರು.

ಈ ಇಳಿಗಾಲದಲ್ಲೇ ಒಂದು ವಿಡಿಯೋ ಇದೆ, ಎಲ್ಲರೂ ನೋಡ್ಲೇಬೇಕು. ದಿ ಬ್ಯಾಂಡ್ ಅನ್ನೋ ಗ್ರೂಪಿನ ವಿದಾಯದ ಸಿನಿಮಾ, ಮಾರ್ಟಿನ್ ಸ್ಕೋರ್ಸೆಸಿ ಮಾಡಿದ್ದು, 1978ರಲ್ಲಿ ಬಂತು, ಅದ್ರಲ್ಲಿ ದಿ ವೇಟ್ ಹಾಡಿಗೆ ಸ್ಟೇಪಲ್ಸ್ ಬಂದು ಸೇರ್ಕೋತಾರೆ. ಮೇವಿಸ್ ಒಂದು ಚರಣ, ಪಾಪ್ಸ್ ಒಂದು ಚರಣ. ಪಾಪ್ಸ್ ಹಾಡೋದು ಪಿಸುಗುಟ್ಟಿದ ಹಾಗೆ, ಮೇವಿಸ್ ಕಣ್ಮುಚ್ಚಿ ಕೈ ತಟ್ಟಿ ಗುಡುಗ್ತಾರೆ. ಹಾಡು ಮುಗಿದ ಮೇಲೆ ಮೇವಿಸ್ ತಮಗೆ ತಾವೇ ಅನ್ನೋ ಹಾಗೆ ಮೆಲ್ಲಗೆ ಬ್ಯೂಟಿಫುಲ್ ಅಂತಾರೆ, ಆ ಒಂದು ಮಾತಿಗೆ ಜನ ಆ ವಿಡಿಯೋ ನೋಡ್ತಾರೆ. ನಾನು ಈಗ ನೋಡೋದು ಪಕ್ಕದಲ್ಲಿ ನಿಂತ ಇಬ್ಬರನ್ನ. ಕ್ಲಿಯೋಥಾ, ಇವಾನ್. ಅವರ ಸಾಲು ಬರೋವರೆಗೂ ಕಾಯ್ತಾರೆ, ಬಂದಾಗ ಮೂರು ದನಿಯ ಮೇಲೆ ದನಿ ಏರಿ ನಿಲ್ಲತ್ತಲ್ಲ, ಆಗ ಅವರು ಯಾರ ಮುಖಾನೂ ನೋಡಲ್ಲ, ನೋಡೋ ಅಗತ್ಯ ಇಲ್ಲ. 1948ರಿಂದ ಒಂದೇ ನೆಲದ ಮೇಲೆ ಕೂತು ಕಲಿತ ಶ್ರುತಿ ಅದು. ದುಡ್ಡು ಕೊಟ್ಟು ಎಷ್ಟೇ ಒಳ್ಳೇ ಗಾಯಕಿಯರನ್ನ ಕರೆಸಿದ್ರೂ ಹಾಗೆ ಕೂರಲ್ಲ, ಅಕ್ಕತಂಗಿಯರ ದನಿ ಒಂದೇ ಮರದ ಹಲಗೆ ಥರ, ಜೋಡಿಸಿದ್ರೆ ಗೆರೆ ಕಾಣಲ್ಲ.

ಪಾಪ್ಸ್ 2000ದ ಡಿಸೆಂಬರ್ 19ಕ್ಕೆ ತೀರ್ಕೊಂಡ್ರು, 86 ತುಂಬೋಕೆ ಒಂಬತ್ತು ದಿನ ಇತ್ತು. ಮೇವಿಸ್ ಹಾಡೋದು ನಿಲ್ಲಿಸಿಬಿಟ್ರು. ಅಪ್ಪನ ಗಿಟಾರ್ ಇಲ್ಲದೇ ಎಲ್ಲಿಂದ ಶುರು ಮಾಡ್ಬೇಕು ಅಂತಲೇ ಗೊತ್ತಾಗ್ತಿರಲಿಲ್ಲ, ಯಾವಾಗಲೂ ಅವರು ಮೀಟಿದ ಶ್ರುತಿಗೇ ಬಾಯಿ ತೆಗೆದವರು. ಆಗ ಬೈದು ಎಬ್ಬಿಸಿದ್ದು ಇವಾನ್. ಅಪ್ಪ ಇದ್ದಿದ್ರೆ ನೀನು ಹೀಗೆ ಕೂತಿರೋದನ್ನ ಒಪ್ತಿದ್ರಾ, ಏಳು, ಹಾಡು ಅಂತ. ಸ್ಟೇಜಿಗೆ ಬರೋಕೆ ಇಷ್ಟ ಇಲ್ಲದ ಆ ಅಕ್ಕ, ತಂಗೀನ ಎಬ್ಬಿಸಿ ತಾನೂ ಜೊತೆಗೆ ನಡೆದ್ರು, ಹಿಂದೆ ನಿಂತು ದನಿ ಸೇರಿಸಿದ್ರು. 2004ರಲ್ಲಿ ಮೇವಿಸ್ ಸ್ವಂತ ದುಡ್ಡು ಹಾಕಿ ಮಾಡಿದ ಆಲ್ಬಂ ಬಂತು, ಅಲ್ಲಿಂದ ಅವರ ಎರಡನೇ ಬದುಕು, 2011ರಲ್ಲಿ ಮೊದಲ ಗ್ರ್ಯಾಮಿ, ಅಷ್ಟೊತ್ತಿಗೆ ವಯಸ್ಸು 71. ಪ್ರಶಸ್ತಿ ಪಟ್ಟಿ ಇನ್ನೂ ಇದೆ, ಅದು ಬೇಡ.

ಇದೇ ವರ್ಷಗಳಲ್ಲಿ ಕ್ಲಿಯೋಥಾಗೆ ಅಲ್ಝೈಮರ್ಸ್. ಹತ್ತು ವರ್ಷಕ್ಕೂ ಹೆಚ್ಚು. ತಂಗಿಯರು ನೋಡ್ಕೊಂಡ್ರು. 2013ರ ಫೆಬ್ರವರೀಲಿ ಹೋದ್ರು, 78 ವರ್ಷ. 2018ರಲ್ಲಿ ಇವಾನ್, 2021ರ ಮೇ ತಿಂಗಳಲ್ಲಿ ಪರ್ವಿಸ್. ನಾನು ಆ ಡಾಕ್ಯುಮೆಂಟರಿ ನೋಡಿ ಎದ್ದು ಕೂತಾಗ ಪರ್ವಿಸ್ ಹೋಗಿ ಮೂರು ತಿಂಗಳೂ ಆಗಿರಲಿಲ್ಲ, ನೆಲದ ಮೇಲೆ ಸುತ್ತ ಕೂತ ಆ ಮಕ್ಕಳಲ್ಲಿ ಉಳಿದವರು ಮೇವಿಸ್ ಒಬ್ಬರೇ.

ಪಾಪ್ಸ್ ಕೊನೇ ದಿನಗಳಲ್ಲಿ ತಾನು ಹಿಂದೆ ರೆಕಾರ್ಡ್ ಮಾಡಿಟ್ಟಿದ್ದ ಹಾಡುಗಳನ್ನ ತರಿಸಿ ಕೇಳಿದ್ರು, ಕೇಳಿ ಮೇವಿಸ್ ಕೈಗೆ ಕೊಟ್ಟು ಇದನ್ನ ಕಳೀಬೇಡ ಅಂದ್ರಂತೆ. ಮೇವಿಸ್ ಹದಿನೈದು ವರ್ಷ ಹತ್ತಿರ ಇಟ್ಕೊಂಡಿದ್ರು. ಆಮೇಲೆ ಶಿಕಾಗೋದವರೇ ಆದ ಸಂಗೀತಗಾರ ಜೆಫ್ ಟ್ವೀಡಿ ಜೊತೆ ಕೂತು ಬೇಕಾದ ಕಡೆ ಮಾತ್ರ ಬೇಸು, ಡ್ರಮ್ಸ್ ಸೇರಿಸಿ 2015ರಲ್ಲಿ ಹೊರಗೆ ತಂದ್ರು, ಹೆಸರು ಡೋಂಟ್ ಲೂಸ್ ದಿಸ್. ಅದ್ರಲ್ಲಿ ಅಪ್ಪ ಇದ್ದಾರೆ, ಅಕ್ಕಂದಿರ ದನಿ ಇದೆ. ಆ ಟ್ವೀಡಿ ಎಷ್ಟು ಕಮ್ಮಿ ಸೇರಿಸಿದ್ದಾರೆ ಅನ್ನೋದು ನಂಗೆ ಅದರಲ್ಲಿ ಬಹಳ ಹಿಡಿಸಿದ ವಿಷಯ, ಮನೆಯವರ ಮಾತಿನ ಮಧ್ಯೆ ನೆಂಟನೊಬ್ಬ ಬಾಯಿ ಹಾಕದೇ ಕೂತ ಹಾಗೆ.

ಹೋದ ದೀಪಾವಳಿಗೆ ಅಕ್ಕ ಮನೆಗೆ ಬಂದಿದ್ಲು. ರಾತ್ರಿ ಎಲ್ಲಾ ಮಲಗಿದ ಮೇಲೆ ಅಡುಗೆಮನೇಲಿ ಇಬ್ಬರೇ ಪಾತ್ರೆ ಒರೆಸ್ತಾ ಇದ್ವಿ, ಫೋನಲ್ಲಿ ಆ 1956ರ ಹಾಡು ಹಾಕಿದೆ. ಇಂಗ್ಲಿಷ್ ಹಾಡು ಅವಳು ಕೇಳೋದೇ ಇಲ್ಲ, ಯಾರದ್ದು ಏನು ಅಂತ ನಾನೂ ಹೇಳಲಿಲ್ಲ. ಪಾತ್ರೆ ಕೆಳಗಿಟ್ಟು ಸುಮ್ನೆ ನಿಂತು ಕೇಳಿದ್ಲು. ಮೇವಿಸ್ ದನಿ ಬಂದಾಗ ಎಲ್ಲರೂ ಕೇಳೋ ಪ್ರಶ್ನೆ ಕೇಳ್ತಾಳೆ ಅಂತ ಕಾಯ್ತಿದ್ದೆ. ಹಾಡು ಮುಗಿದ ಮೇಲೆ ಕೇಳಿದ್ಲು, "ಆ ಮೇಲ್ಗಡೆ ಸಣ್ಣಗೆ ಹಾಡ್ತಾಳಲ್ಲ, ಅವಳು ಯಾರೋ?"

ಕ್ಲಿಯೋಥಾ ಅಂದೆ.

"ಇನ್ನೊಂದ್ಸಲ ಹಾಕು" ಅಂದ್ಲು.